ಎಸಿ ಅಲ್ಲ, ಕೈ ನೋಡಿ

ಇವತ್ತು ಬೆಳಿಗ್ಗೆ ಅಪ್ಪನ ಡಯಾಲಿಸಿಸ್. ಸೂಜಿ ಚುಚ್ಚೋಕೆ ಮುಂಚೆ ಸಿಸ್ಟರ್ ಕೈ ತೊಳ್ಕೊಂಡು, ಹೊಸ ಗ್ಲೌಸ್ ಹಾಕ್ಕೊಂಡು, ಅಪ್ಪನ ಎಡಗೈ ಫಿಸ್ಟುಲಾ (ಡಯಾಲಿಸಿಸ್‌ಗೆ ಅಂತಲೇ ಜೋಡಿಸಿರೋ ರಕ್ತನಾಳ) ಮೇಲೆ ಮೆಲ್ಲಗೆ ಬೆರಳಿಟ್ಟು ನೋಡಿದ್ರು. "ಜುಂ ಅಂತಿದೆ ಅಪ್ಪಾಜಿ, ಚೆನ್ನಾಗಿದೆ" ಅಂದ್ರು. ಅಪ್ಪನ ಮುಖ ಅರಳಿತು.

ನಾವು ಮೊದಲು ಹೋಗ್ತಿದ್ದ ಸೆಂಟರ್‌ನಲ್ಲಿ ಎಸಿ, ಟಿವಿ ಎಲ್ಲ ಇತ್ತು. ಆದ್ರೆ 4 ಗಂಟೆ ನಡೀಬೇಕಾದ ಡಯಾಲಿಸಿಸ್ ಮೂರೂಕಾಲು ಗಂಟೆಗೇ ಮುಗೀತಿತ್ತು, ಮುಂದಿನ ಶಿಫ್ಟ್‌ನವರು ಕಾಯ್ತಿದ್ದಾರೆ ಅಂತ. ಮೈಯಲ್ಲಿ ಸೇರಿದ ನೀರನ್ನ ಅವಸರವಾಗಿ ಎಳೆದ್ರೆ ಬಿಪಿ ಬೀಳುತ್ತೆ. ಅಪ್ಪ ಮೀನಖಂಡ ಹಿಡ್ಕೊಂಡು ಒದ್ದಾಡೋರು. ಅದೂ ಕಾಯಿಲೆಯ ಭಾಗ ಅಂದ್ಕೊಂಡು ಸುಮ್ಮನಿದ್ವಿ. ಈಗ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಯಾರಾದ್ರೂ ಸೆಂಟರ್ ಹುಡುಕ್ತಿದ್ರೆ ಇಷ್ಟು ಕೇಳಿ: ಪೂರ್ತಿ 4 ಗಂಟೆ ಕೊಡ್ತಾರಾ? ಮುಂಚೆ, ಆಮೇಲೆ ಎರಡೂ ಸಲ ತೂಕ ನೋಡ್ತಾರಾ? ಒಂದು ಸಲಕ್ಕೆ ಯೂರಿಯಾ ಕಡೇಪಕ್ಷ 65% ಇಳೀತಿದೆಯಾ? ಹೆಪಟೈಟಿಸ್ ಬಿ ಇರೋರಿಗೆ ಬೇರೆ ಮೆಷಿನ್ ಇದೆಯಾ? ಆರ್‌ಓ ನೀರಿನ ಟೆಸ್ಟ್ ರಿಪೋರ್ಟ್ ತೋರಿಸ್ತಾರಾ? ಒಂದೊಂದು ಸಲಕ್ಕೂ ನೂರು ಲೀಟರ್‌ಗೂ ಹೆಚ್ಚು ನೀರು ರಕ್ತದ ಪಕ್ಕದಲ್ಲೇ, ತೆಳು ಪೊರೆಯೊಂದರ ಆಚೆ ಹರಿಯುತ್ತೆ. ಕೇಳೋಕೆ ಸಂಕೋಚ ಬೇಡ.

ವಾರಕ್ಕೆ ಮೂರು ದಿನ ನಮ್ಮವರ ಜೀವ ಅವರ ಕೈಯಲ್ಲಿರುತ್ತೆ. ಅದಕ್ಕೇ ನಾನೀಗ ಮೊದಲು ಆ ಕೈಗಳನ್ನೇ ನೋಡ್ತೀನಿ.

ನಿಮ್ಮ ಮನೇಲೂ ಯಾರಿಗಾದ್ರೂ ಡಯಾಲಿಸಿಸ್ ಆಗ್ತಿದೆಯಾ? ನೀವು ಏನು ಗಮನಿಸ್ತೀರಿ, ಹೇಳಿ.