ಕುಲಗೋಡದ ಹೊಲದಲ್ಲಿ ಎರಡನೆಯ ವಿಮಾನ

ಬೆಳಗಾವಿಯಿಂದ ಹೊರಟ ಬಸ್ಸು ಗೋಕಾಕವನ್ನು ಸಮೀಪಿಸುವ ಹೊತ್ತಿಗೆ, ನನ್ನ ತೊಡೆಯ ಮೇಲಿದ್ದ ಉದ್ದನೆಯ ರಟ್ಟಿನ ಪೆಟ್ಟಿಗೆಯ ವಿಷಯವಾಗಿ ಸಹಪ್ರಯಾಣಿಕರಲ್ಲಿ ಎರಡು ಪಕ್ಷಗಳಾಗಿದ್ದವು. ಅದು ವೀಣೆಯೆಂದು ಒಬ್ಬರು, ಬೆಳೆಗೆ ಔಷಧ ಸಿಂಪಡಿಸುವ ಯಂತ್ರವೆಂದು ಇನ್ನೊಬ್ಬರು. ಒಳಗಿರುವುದು ವಿಮಾನವೆಂದಾಗ ಇಬ್ಬರೂ ನಕ್ಕರು. ಆದರೆ ಅದು ನಿಜವಾಗಿಯೂ ವಿಮಾನವೇ. ರೆಕ್ಕೆಯ ತುದಿಯಿಂದ ತುದಿಗೆ 1,200 ಮಿಲಿಮೀಟರು, ತೂಕ 800 ಗ್ರಾಮು. ನೆಲದ ಮೇಲೆ ನಿಂತವನ ಕೈಯಲ್ಲಿರುವ ರೇಡಿಯೋ ಪೆಟ್ಟಿಗೆಯ ಆಜ್ಞೆಯಂತೆ ಹಾರುವ ತರಬೇತಿಯ ಮಾದರಿ.

ಪಕ್ಕದಲ್ಲಿ ಕುಳಿತಿದ್ದವನು ಅದರ ಒಡೆಯ, ನನ್ನ ಅಕ್ಕನ ಮಗ. ಅವನ ಓದು ಬೆಳಗಾವಿಯಲ್ಲಿ, ವಾಸ ನಮ್ಮ ಮನೆಯಲ್ಲಿ. ನಮ್ಮ ಮನೆಯಾದರೋ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹತ್ತಿರ. ನಿಜವಾದ ವಿಮಾನಗಳು ತಲೆಯ ಮೇಲೆ ಹಾದುಹೋಗುವ ಆ ಪ್ರದೇಶದಲ್ಲಿ ಮಾದರಿಯನ್ನು ಮನಬಂದಂತೆ ಹಾರಿಸುವಂತಿಲ್ಲ. 2021ರ ಡ್ರೋನ್ ನಿಯಮಗಳು ಹಸಿರು ವಲಯವೆಂದು ಗುರುತಿಸಿದ ಕಡೆ ಮಾತ್ರ, 400 ಅಡಿಗಳ ಎತ್ತರದವರೆಗೆ, ಪೂರ್ವಾನುಮತಿಯಿಲ್ಲದೆ ಹಾರಿಸಬಹುದು. ಆದುದರಿಂದ ಮೊದಲು ವಲಯಗಳ ನಕ್ಷೆಯನ್ನು ನೋಡಿ, ಅನಂತರ ಬಸ್ಸು ಹತ್ತುವುದು ನಮ್ಮ ವಾಡಿಕೆ. ಹಾರಾಟವೆಲ್ಲ ರಜೆಯ ದಿನಗಳಲ್ಲಿ, ಅಕ್ಕನ ಊರಾದ ಕುಲಗೋಡದಲ್ಲಿ.

ಗೋಕಾಕದಲ್ಲಿ ಬಸ್ಸು ಬದಲಾಯಿಸುವಾಗ ಕರದಂಟನ್ನು ಕೊಳ್ಳದೆ ಮುಂದೆ ಹೋದವರುಂಟೆ? ಅಂಗಡಿಯೊಂದರಲ್ಲಿ ಈ ಊರಿನ ಬಣ್ಣದ ಮರದ ಆಟಿಗೆಗಳೂ ಇದ್ದವು. ಮರದ ಮಾವಿನ ಹಣ್ಣೊಂದನ್ನು ಹುಡುಗ ಅಂಗೈಯಲ್ಲಿ ತೂಗಿ ನೋಡಿದ. ಮಾದರಿ ವಿಮಾನಗಳ ಗೀಳು ಹಿಡಿದವರು ಯಾವ ವಸ್ತುವನ್ನು ಕಂಡರೂ ಮೊದಲು ತೂಕವನ್ನೇ ಎಣಿಸುತ್ತಾರೆ. ದಕ್ಷಿಣ ಅಮೆರಿಕದ ಬಾಲ್ಸಾ ಮರದಿಂದ ವಿಮಾನ ಕಟ್ಟುವ ಪದ್ಧತಿ ಇಂದಿಗೂ ಉಳಿದಿದೆ. ಆದರೆ ಹೊಸಬರ ಕೈಗೆ ಈಗ ಬರುವುದು ಹೆಚ್ಚಾಗಿ ಫೋಮಿನ ವಿಮಾನ. ಬಿದ್ದರೆ ಅಂಟು ಹಚ್ಚಿ ಮತ್ತೆ ಹಾರಿಸಬಹುದು.

ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದು ಈಗ ಮೂಡಲಗಿ ತಾಲೂಕಿನಲ್ಲಿರುವ ಕುಲಗೋಡದ ಹೆಸರು ವಾಚಕರಿಗೆ ಅಪರಿಚಿತವಾಗಿರಲಾರದು. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ತಿದ್ದಿ ಬೆಳೆಸಿ ರಂಗಕ್ಕೆ ಒಗ್ಗಿಸಿದ ಕುಲಗೋಡ ತಮ್ಮಣ್ಣನ ಊರಿದು. ಸ್ವರ್ಗದ ಗಿಡವನ್ನು ಭೂಮಿಗಿಳಿಸಿದ ಕಥೆಯನ್ನು ಆಡಿ ಹಾಡಿದ ನೆಲದಲ್ಲಿ ಆಕಾಶದ ಆಸೆ ಹುಟ್ಟುವುದು ಆಶ್ಚರ್ಯವಲ್ಲ.

ಮರುದಿನ ಗಾಳಿ ಏಳುವ ಮುನ್ನವೇ, ಗೊಂಜಾಳ ಕೊಯ್ದ ಹೊಲಕ್ಕೆ ನಾವು ಹೋದೆವು. ಒಂದು ಮಗ್ಗುಲಿಗೆ ಎರೆಮಣ್ಣಿನ ಹೆಂಟೆಗಳು, ಮತ್ತೊಂದು ಮಗ್ಗುಲಿಗೆ ಆಳೆತ್ತರವನ್ನು ಮೀರಿದ ಕಬ್ಬು. ಹುಡುಗ ವಿಮಾನವನ್ನು ಏರಿಸಿದ, ತಿರುಗಿಸಿದ, ನಯವಾಗಿ ಇಳಿಸಿದ. ಅಜ್ಜ ಬದುವಿನ ಮೇಲೆ ಕುಳಿತು ಮೆಚ್ಚಿದರು. ಆಗ ಹುಡುಗ ತನ್ನ ಮನಸ್ಸನ್ನು ತೆರೆದ.

“ಮಾಮಾ, ಇದು ಕಲತಾತು. ಕಬ್ಬಿನ ಬಿಲ್ಲು ಬಂದ ಮ್ಯಾಲೆ ಅಜ್ಜ ಹೊಸಾದು ಕೊಡಸ್ತೀನಿ ಅಂದಾನ. ನನಗ ಯುದ್ಧವಿಮಾನಾನ ಬೇಕು.”

ಅವನು ತೋರಿಸಿದ ಚಿತ್ರ ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಮಾದರಿಯದು. ಸುಂದರವಾದುದೇ. ಆದರೆ ಅದನ್ನು ಕಂಡೊಡನೆ ನನ್ನ ದೃಷ್ಟಿ ಕಬ್ಬಿನ ಕಡೆಗೆ ಹೊರಳಿತು. ಕೆಲವು ವರ್ಷಗಳ ಹಿಂದೆ ನಾನೂ ಹೀಗೆಯೇ ತರಬೇತಿ ವಿಮಾನ ಕೈವಶವಾಯಿತೆಂದು ಹಿಗ್ಗಿ, ಎರಡು ತಿಂಗಳ ಉಳಿತಾಯವನ್ನೆಲ್ಲ ಸುರಿದು ಅಂಥದೇ ಒಂದನ್ನು ತಂದಿದ್ದೆ. ಇದೇ ಹೊಲದಲ್ಲಿ ಅದು ಏರಿತು. ಮೊದಲನೆಯ ತಿರುವಿನಲ್ಲಿಯೇ ಒಂದು ರೆಕ್ಕೆ ಕುಸಿದು, ಗಿರಕಿ ಹೊಡೆದು ಕಬ್ಬಿನೊಳಗೆ ಬಿದ್ದಿತು. ಸಂಜೆಯವರೆಗೆ ಹುಡುಕಿದರೂ ಸಿಕ್ಕಲಿಲ್ಲ. ಕಬ್ಬು ಕಡಿದಾಗ ಸಿಕ್ಕ ಅವಶೇಷವನ್ನು ಅಕ್ಕ ಮಾತಿಲ್ಲದೆ ಚೀಲದಲ್ಲಿ ಕಟ್ಟಿ ಕಳುಹಿಸಿದ್ದಳು. ದೋಷ ವಿಮಾನದ್ದಲ್ಲ, ನನ್ನದೇ.

ಅದರ ಕಾರಣವನ್ನು ಹುಡುಗನಿಗೆ ಮಣ್ಣಿನ ಮೇಲೆ ಗೆರೆ ಎಳೆದು ತಿಳಿಸಿದೆ. ತರಬೇತಿ ವಿಮಾನಕ್ಕೆ ರೆಕ್ಕೆ ಒಡಲಿನ ಮೇಲ್ಗಡೆ ಇರುತ್ತದೆ. ಅದರ ಎರಡು ತುದಿಗಳೂ ತುಸು ಮೇಲಕ್ಕೆ ಬಾಗಿರುತ್ತವೆ. ಒಂದು ಮಗ್ಗುಲು ವಾಲಿದಾಗ ವಿಮಾನ ಆ ಕಡೆಗೆ ಜಾರುತ್ತದೆ; ಆಗ ಕೆಳಗಿನ ರೆಕ್ಕೆಗೆ ಹೆಚ್ಚಿನ ಎತ್ತುಗೆ ದೊರೆತು ವಿಮಾನ ತಾನಾಗಿಯೇ ನೆಟ್ಟಗಾಗುತ್ತದೆ. ಹಾರಿಸುವವನ ಅರ್ಧ ತಪ್ಪುಗಳನ್ನು ಅದೇ ತಿದ್ದಿಕೊಳ್ಳುತ್ತದೆ. ನಾವು ಅದನ್ನು ನಮ್ಮ ಜಾಣ್ಮೆಯೆಂದು ಭ್ರಮಿಸುತ್ತೇವೆ.

ಇನ್ನು ಲೆಕ್ಕವನ್ನು ನೋಡಿ. ಹುಡುಗನ ವಿಮಾನದ ರೆಕ್ಕೆಯ ಅಗಲ 200 ಮಿಲಿಮೀಟರು. ಅಂದರೆ ವಿಸ್ತೀರ್ಣ 24 ಚದರ ಡೆಸಿಮೀಟರು. ಒಂದೊಂದು ಚದರ ಡೆಸಿಮೀಟರು ಹೊರುವ ಭಾರ ಸುಮಾರು 33 ಗ್ರಾಮು. ಒಂದು ಮೀಟರು ಉದ್ದ, ಸರಾಸರಿ 160 ಮಿಲಿಮೀಟರು ಅಗಲದ ರೆಕ್ಕೆಯುಳ್ಳ ಒಂದು ಕಿಲೋಗ್ರಾಮಿನ ಯುದ್ಧವಿಮಾನವಾದರೆ ಆ ಭಾರ 62 ಗ್ರಾಮನ್ನು ಮೀರುತ್ತದೆ. ಮೊದಲನೆಯದು ಗಂಟೆಗೆ ಸುಮಾರು 26 ಕಿಲೋಮೀಟರು ವೇಗದವರೆಗೆ ಗಾಳಿಯಲ್ಲಿ ನಿಲ್ಲಬಲ್ಲುದಾದರೆ, ಎರಡನೆಯದಕ್ಕೆ ಸುಮಾರು 36 ಕಿಲೋಮೀಟರಾದರೂ ಬೇಕು. ಅದಕ್ಕಿಂತ ನಿಧಾನವಾದರೆ ಎತ್ತುಗೆ ತಪ್ಪುತ್ತದೆ. ಚೂಪಾದ ರೆಕ್ಕೆಗಳಲ್ಲಿ ಅದು ಅನೇಕ ವೇಳೆ ತುದಿಯಲ್ಲಿ ಮೊದಲು ತಪ್ಪಿ, ವಿಮಾನ ಮಗುಚಿಬಿಡುತ್ತದೆ. ನನ್ನದು ಕಬ್ಬಿಗೆ ಬಿದ್ದುದು ಹೀಗೆಯೇ.

“ಹಂಗಾದರ ಜೀವಮಾನ ಇದನ್ನ ಹಾರಸ್ಕೋತ ಕೂಡಬೇಕೇನು?” ಎಂದು ಹುಡುಗ ಮುಖ ಗಂಟಿಕ್ಕಿದ.

ಹಾಗಲ್ಲ. ನಡುವೆ ಒಂದು ಮೆಟ್ಟಿಲುಂಟು. ಅದನ್ನು ಏರುವುದರಲ್ಲಿ ಅವಮಾನವೇನೂ ಇಲ್ಲ. ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆಯ ಇತಿಹಾಸವೇ ಇದಕ್ಕೆ ಸಾಕ್ಷಿ. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನ 1951ರಲ್ಲಿ ಮೊದಲ ಬಾರಿ ಹಾರಿತು. ಯುದ್ಧವಿಮಾನ ಮಾರುತ್ 1961ರಲ್ಲಿ ಹಾರಿತು. ಆದರೂ 1964ರಲ್ಲಿ ಕಿರಣ್ ಎಂಬ ಜೆಟ್ ತರಬೇತಿ ವಿಮಾನವನ್ನು ಹಾರಿಸಿದರು; ಮೊದಲ ಪಾಠ ಮುಗಿಸಿದವನಿಗೂ ಯುದ್ಧವಿಮಾನಕ್ಕೂ ನಡುವೆ ಮೆಟ್ಟಿಲು ಬೇಕಾಗಿತ್ತು. ಬೀದರಿನಲ್ಲಿ 1996ರಲ್ಲಿ ಸ್ಥಾಪಿತವಾದ ಸೂರ್ಯಕಿರಣ ತಂಡ ಆಕಾಶದಲ್ಲಿ ಜನರನ್ನು ಬೆರಗುಗೊಳಿಸಿದುದು ಮೊದಮೊದಲು ಈ ಮೆಟ್ಟಿಲಿನ ವಿಮಾನದಲ್ಲಿಯೇ!

ಎರಡನೆಯ ವಿಮಾನ ನಮ್ಮಿಂದ ಒಂದು ಆಸರೆಯನ್ನು ಮಾತ್ರ ಕಿತ್ತುಕೊಳ್ಳಬೇಕು, ಎಲ್ಲವನ್ನೂ ಅಲ್ಲ. ತಾನಾಗಿ ನೆಟ್ಟಗಾಗುವ ಗುಣ ಹೋಗಲಿ; ನಿಧಾನವಾಗಿ ಇಳಿಯುವ ಗುಣ ಉಳಿಯಲಿ. ರೆಕ್ಕೆ ನೇರವಾಗಿರಲಿ, ಬುಡದಿಂದ ತುದಿಯವರೆಗೆ ಒಂದೇ ಅಗಲವಿರಲಿ. ವಾಲಿಸುವುದಕ್ಕೆ ಐಲೆರಾನ್ ಇರಲೇಬೇಕು. ಹೊಲದ ಹೆಂಟೆಗಳಿಗೆ ಅಂಜದ ದೊಡ್ಡ ಗಾಲಿಗಳು ಬೇಕು. ಒಳಗೆ ಮಡಚಿಕೊಳ್ಳುವ ಗಾಲಿ ಇಲ್ಲಿ ಎರಡು ದಿನವೂ ಬಾಳದು. ಈಗಿರುವ ಮೂರು ಕೋಶಗಳ 2,200 ಮಿಲಿಆಂಪ್ ಗಂಟೆಯ ಬ್ಯಾಟರಿಯೂ ರೇಡಿಯೋ ಪೆಟ್ಟಿಗೆಯೂ ಅದಕ್ಕೆ ಹೊಂದಿದರೆ ಮನೆಯವರ ಕಿಸೆಗೂ ಕ್ಷೇಮ. ಅಮೆರಿಕದ ಫಿಲ್ ಕ್ರಾಫ್ಟ್ 1960ರ ದಶಕದಲ್ಲಿ ಇಂಥದೊಂದು ವಿಮಾನವನ್ನು ರಚಿಸಿ ತಾನೇ ‘ಅಗ್ಲಿ ಸ್ಟಿಕ್’, ಅಂದರೆ ಕುರೂಪಿ ಕೋಲು, ಎಂದು ಹೆಸರಿಟ್ಟ. ಆ ಮಾದರಿಯ ವಿಮಾನಗಳನ್ನು ಜನ ಇಂದಿಗೂ ಕಟ್ಟುತ್ತಾರೆ.

ಹೆಸರನ್ನು ಕೇಳಿ ಹುಡುಗನ ಮುಖ ಇನ್ನಷ್ಟು ಬಾಡಿತು. ಇದುವರೆಗೆ ಸುಮ್ಮನಿದ್ದ ಅಜ್ಜ ಆಗ ನುಡಿದರು: “ಪಾರಿಜಾತದಾಗ ಹೊಸಬಗ ಮೊದಲನೇ ದಿನಾನ ಕೃಷ್ಣನ ಪಾತ್ರ ಕೊಡತಾರೇನೋ ತಮ್ಮಾ? ಹಿಮ್ಮ್ಯಾಳದಾಗ ನಿಂತು ತಾಳ ಹಿಡದಿ, ಛಲೋ ಆತು. ಇನ್ನ ಸಣ್ಣ ಪಾತ್ರ ಮಾಡು. ಕೃಷ್ಣನ ಕಿರೀಟ ಎಲ್ಲಿ ಓಡಿ ಹೊಕ್ಕೈತಿ?”

ನಾನು ಒಂದು ಪಂಥವನ್ನೊಡ್ಡಿದೆ. ವಿಮಾನ ನಿನ್ನ ಕಡೆಗೆ ಬರುವಾಗ ಎಡಬಲ ಅದಲುಬದಲಾದಂತೆ ತೋರುತ್ತದೆ. ಆಗಲೂ ತಡವರಿಸದೆ ಎರಡೂ ದಿಕ್ಕುಗಳಲ್ಲಿ ಎಂಟರ ಆಕಾರವನ್ನು ಬರೆ. ಅನಂತರ ಮೋಟಾರನ್ನು ನಿಲ್ಲಿಸಿ ಹೊಲದೊಳಗೇ ಇಳಿಸು. ಇವೆರಡೂ ಆದರೆ ಎರಡನೆಯ ವಿಮಾನಕ್ಕೆ ನೀನು ಸಿದ್ಧ.

ಎಂಟನ್ನು ಅವನು ಬರೆದ. ಮೂರನೆಯದರಲ್ಲಿ ವಿಮಾನ ನಮ್ಮತ್ತ ಬರುವಾಗ ಬೆರಳು ತಪ್ಪಿ ಬಲಕ್ಕೆ ಎಳೆದ. ವಿಮಾನ ಕಬ್ಬಿನ ಕಡೆಗೆ ವಾಲಿತು. ಅವನು ಗಾಬರಿಯಿಂದ ಕಡ್ಡಿಗಳನ್ನು ಬಿಟ್ಟುಬಿಟ್ಟ. ಆ ಸಾಧುಪ್ರಾಣಿ ಕಬ್ಬಿನ ಸೂಲಂಗಿಯ ಮೇಲೆ ತಾನಾಗಿಯೇ ನೆಟ್ಟಗಾಗಿ ಹಾರಿತು. ಅವನು ಅದನ್ನು ತಿರುಗಿಸಿ ತಂದು ಇಳಿಸಿದ. ಕೈ ನಡುಗುತ್ತಿತ್ತು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

“ಯುದ್ಧವಿಮಾನ ಆಗಿದ್ದರ ಹೋಗತಿತ್ತಲ್ಲ, ಮಾಮಾ?” ಎಂದ. ನಾನು ಹೌದೆನ್ನಬೇಕಾಗಿರಲಿಲ್ಲ.

ಊಟದ ಹೊತ್ತಿಗೆ ಕುರೂಪಿ ಕೋಲಿಗೆ ಗೋಕಾಕದ ಆಟಿಗೆಯ ಕೆಂಪು, ಹಳದಿ, ಹಸಿರು ಬಣ್ಣಗಳನ್ನು ಬಳಿಯಬೇಕೆಂದು ಅವನೂ ಅಕ್ಕನೂ ನಿಶ್ಚಯಿಸಿದ್ದರು. ಸ್ಪಿಟ್‌ಫೈರಿನ ಚಿತ್ರವನ್ನು ಮಾತ್ರ ಅವನು ಹರಿಯಲಿಲ್ಲ; ಮಡಚಿ ಪುಸ್ತಕದಲ್ಲಿಟ್ಟ. ನಾನೂ ಬೇಡವೆನ್ನಲಿಲ್ಲ. ಸಂಜೆ ಗಾಳಿ ಇಳಿದ ಮೇಲೆ ಇನ್ನೊಂದು ಬ್ಯಾಟರಿ ಮುಗಿಯುವವರೆಗೆ ಅವನು ಎಂಟುಗಳನ್ನೇ ಬರೆಯುತ್ತಿದ್ದ.