ಅಬ್ಬಾರ ಹಳೆಯ ಕಿಟಕಿ

ನಮ್ಮ ಮನೆಯ ಅಲಮಾರಿಯ ಮೇಲೆ, ಶಾಲೆಯ ಪಾಟಿಗಿಂತ ತುಸು ದೊಡ್ಡದಾದ ಒಂದು ಲ್ಯಾಪ್‌ಟಾಪ್ ಬಟ್ಟೆಯ ಚೀಲದಲ್ಲಿ ಹತ್ತಾರು ವರ್ಷ ಮಲಗಿತ್ತು. ಸುಣ್ಣ ಬಳಿಸುವ ನೆಪದಲ್ಲಿ ಅದನ್ನು ಈ ವರ್ಷ ಕೆಳಗಿಳಿಸಿದೆವು. (ನಾವು ಎಂದರೆ ಒಬ್ಬನೇ ಆಸಾಮಿ. ಉರ್ದು ಶಾಲೆಯಲ್ಲಿ ಕಲಿತವರಿಗೆ ‘ಹಮ್’ ಎನ್ನುವ ಚಟ ಸುಲಭಕ್ಕೆ ಬಿಡುವುದಿಲ್ಲ.)

ಅದು ಅಬ್ಬಾರ ಲ್ಯಾಪ್‌ಟಾಪ್. 2007ರಲ್ಲಿ ಏಸಸ್ ಕಂಪನಿ ಏಳು ಇಂಚಿನ ಪರದೆಯ ಈ-ಪಿಸಿ ತಂದ ಮೇಲೆ ಇಂಥ ಅಗ್ಗದ ಪುಟ್ಟ ಯಂತ್ರಗಳ ಸುಗ್ಗಿಯೇ ಆಗಿತ್ತು. ನೆಟ್‌ಬುಕ್ ಎಂದು ಹೆಸರು. ನಾವು ಕೊಂಡದ್ದು 2010ರಲ್ಲಿ. ಹತ್ತು ಇಂಚಿನ ಪರದೆ, ಒಂದು ಜಿಬಿ ನೆನಪು, 160 ಜಿಬಿ ಡಿಸ್ಕ್. ಆ ಹೊತ್ತಿಗೆ ವಿಸ್ಟಾ ಬಂದಿತ್ತು, ವಿಂಡೋಸ್ 7 ಕೂಡ ಬಂದಿತ್ತು. ಆದರೂ ಇಂಥ ಬಡ ಯಂತ್ರಗಳಿಗೆಂದೇ 2001ರ ಎಕ್ಸ್‌ಪಿಯನ್ನು ಆ ವರ್ಷದವರೆಗೂ ಹಾಕಿ ಮಾರುತ್ತಿದ್ದರು. ಹೊಸದರ ಭಾರ ಇವುಗಳ ಬೆನ್ನು ತಾಳುತ್ತಿರಲಿಲ್ಲ.

ಅಬ್ಬಾ ಹುಟ್ಟಿದ್ದು ನಿಜಾಮರ ಕಾಲದ ಕಲಬುರಗಿಯಲ್ಲಿ. ಕಲಿತದ್ದು ಉರ್ದು, ಆಯುಷ್ಯವಿಡೀ ಕಲಿಸಿದ್ದೂ ಉರ್ದು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯ ಸೇರಿದಾಗ ಅವರು ಇನ್ನೂ ಹುಡುಗ. ಬಜಾರದಲ್ಲಿ, ಹೊಲದ ಬದುವಿನಲ್ಲಿ ಸೊಗಸಾಗಿ ಕನ್ನಡ ಆಡುತ್ತಿದ್ದರು. ಓದಲು ಮಾತ್ರ ಬರುತ್ತಿರಲಿಲ್ಲ. ನಾವೋ ಕನ್ನಡದಲ್ಲಿ ಕತೆ ಬರೆಯತೊಡಗಿದೆವು. “ಬೇಟಾ, ನೀನು ಬರೆದದ್ದನ್ನು ಊರೆಲ್ಲ ಓದುತ್ತದೆ. ನಾನೊಬ್ಬ ಹೊರಗೆ ನಿಂತಿದ್ದೇನೆ” ಎಂದು ಒಮ್ಮೆ ನಗುತ್ತ ಹೇಳಿದ್ದರು. ಉರ್ದುವಿಗೆ ಮಾಡಿಕೊಡುತ್ತೇನೆ ಎಂದೆವು. ಮಾಡಲಿಲ್ಲ. 2013ರಲ್ಲಿ ಅಬ್ಬಾ ತೀರಿಕೊಂಡರು.

ಆಮೇಲೆ ಆಪಾಳ ಮಗ ಕಾಲೇಜಿನ ಕೆಲಸಕ್ಕೆಂದು ಅದೇ ಯಂತ್ರಕ್ಕೆ ವಿಂಡೋಸ್ 7 ಹೇರಿದ. ಒಂದು ಫೈಲು ತೆರೆಯಲು ಒಂದು ಚಹಾ ಕುಡಿದು ಬರುವಷ್ಟು ಹೊತ್ತಾಯಿತು. ಅವನೂ ಬಿಟ್ಟ, ಅದು ಅಲಮಾರಿ ಏರಿತು.

ಈಗ ಅದರ ಡಿಸ್ಕ್ ಬಿಚ್ಚಿಸಿ ನಮ್ಮ ಹೊಸ ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದರೆ ಡಿ ಭಾಗದಲ್ಲಿ ಅಬ್ಬಾರ ಫೈಲುಗಳು ಹಾಗೇ ಇದ್ದವು. ಒಂದರ ಹೆಸರು ಉರ್ದು ಲಿಪಿಯಲ್ಲಿ ‘ಬಾವಿಕಟ್ಟೆ’. ಅದು ನಮ್ಮದೇ ಕತೆ! ಆದರೆ ಫೈಲು ತೆರೆಯಲೊಲ್ಲದು. ಅಬ್ಬಾ ಬಳಸುತ್ತಿದ್ದದ್ದು ನಸ್ತಾಲೀಕ್ ಬರವಣಿಗೆಯ ಹಳೆಯ ತಂತ್ರಾಂಶ. ವಿಂಡೋಸ್‌ನಲ್ಲಿ ಸಿಗುವ ನಸ್ಖ್ ಅಕ್ಷರ ಅವರಿಗೆ ಸೇರುತ್ತಿರಲಿಲ್ಲ; ಉರ್ದು ಸಮವಸ್ತ್ರ ತೊಟ್ಟು ನಿಂತಂತೆ ಕಾಣುತ್ತದೆ ಎನ್ನುತ್ತಿದ್ದರು. ಆ ಹಳೆಯ ಪ್ರತಿ ಹೊಸ ಯಂತ್ರದಲ್ಲಿ ಉಸಿರೇ ಆಡಲಿಲ್ಲ.

ಸೂಪರ್ ಮಾರ್ಕೆಟ್ ಹತ್ತಿರದ ರಿಪೇರಿ ಅಂಗಡಿಯ ಹುಡುಗ ನಕ್ಕ. “ಸರ್, ಇದಕ್ಕ ಮತ್ತ ಎಕ್ಸ್‌ಪಿ ಹಾಕ್ತೀರೇನ್ರಿ? ಗುಜರಿಯವ್ರೂ ಒಯ್ಯಂಗಿಲ್ಲ.” ಹೊಸ ಯಂತ್ರದೊಳಗೇ ಹಳೆಯದನ್ನು ಸಾಕುವ ಉಪಾಯವನ್ನೂ ಹೇಳಿದ. ನಮಗೆ ಅಬ್ಬಾರ ಕೀಲಿಮಣೆಯ ಮೇಲೆಯೇ ಅದನ್ನು ತೆರೆಯಬೇಕಿತ್ತು. ಅವನು ಡಿ ಭಾಗವನ್ನು ನಕಲು ಮಾಡಿ, ಎಕ್ಸ್‌ಪಿಯನ್ನು ಪೆನ್‌ಡ್ರೈವಿಗೆ ತುಂಬಿ ಕೊಟ್ಟ. ನೆಟ್‌ಬುಕ್ಕಿಗೆ ಸಿಡಿ ಹಾಕುವ ಬಾಯಿಯೇ ಇಲ್ಲ. ಪರವಾನಗಿಯ ಸಂಖ್ಯೆ ಹೇಗೂ ಹೊಟ್ಟೆಯಡಿಯ ಚೀಟಿಯಲ್ಲಿತ್ತು.

ಮೊದಲ ಸಲ ನೀಲಿ ಪರದೆ ಬಂದು ‘7ಬಿ’ ಎಂಬ ಅಂಕಿ ತೋರಿಸಿ ನಿಂತಿತು. ಡಿಸ್ಕಿನೊಡನೆ ಮಾತಾಡಲು ಹೊಸ ಯಂತ್ರಗಳು ಎಎಚ್‌ಸಿಐ ಎಂಬ ಪದ್ಧತಿ ಬಳಸುತ್ತವೆ. ಎಕ್ಸ್‌ಪಿಗೆ ಅದು ತಾನಾಗಿ ತಿಳಿಯದು. ಬಯಾಸ್‌ಗೆ ಹೋಗಿ ಹಳೆಯ ಐಡಿಇ ಪದ್ಧತಿಗೆ ತಿರುಗಿಸಿದೆವು, ಮುಂದೆ ಸಾಗಿತು. ಆಮೇಲೆ ಯಾವ ಭಾಗವನ್ನು ಅಳಿಸಲಿ ಎಂದು ಕೇಳಿತು. ನೋಡಿದರೆ ಸಿ ಎಂದು ಪೆನ್‌ಡ್ರೈವ್ ಕೂತಿದೆ, ಡಿಸ್ಕಿನ ಭಾಗಗಳ ಅಕ್ಷರಗಳೆಲ್ಲ ಅದಲುಬದಲು! ಅಕ್ಷರ ನಂಬದೆ ಅಳತೆ ನೋಡಿ ಗುರುತಿಸಿದೆವು. ನಕಲು ಜೇಬಿನಲ್ಲೇ ಇತ್ತು, ಆದರೂ ಎಂಟರ್ ಒತ್ತುವಾಗ ಬೆರಳು ನಡುಗಿತು. ಮಡದಿ ಅಡುಗೆಮನೆಯಿಂದ “ಏನಾಯಿತು?” ಎಂದಳು. ಏನೂ ಇಲ್ಲ ಎಂದೆವು.

ಒಂದು ಗಂಟೆಯ ಮೇಲೆ ಹಸಿರು ಗುಡ್ಡ, ನೀಲಿ ಆಕಾಶ ಮೂಡಿದವು. ಡಿ ತೆರೆದರೆ ಉರ್ದು ಹೆಸರುಗಳು ಕೈ ಬಿಟ್ಟ ಅಕ್ಷರಗಳಾಗಿ ಎಡದಿಂದ ಬಲಕ್ಕೆ ಚೆಲ್ಲಿಕೊಂಡಿದ್ದವು. ಆಪಾ ಕನ್ನಡದಲ್ಲಿ ಹೆಸರಿಟ್ಟಿದ್ದ ಫೋಲ್ಡರ್ ಬರೀ ಖಾಲಿ ಚೌಕಗಳು. ಇದು ಎಕ್ಸ್‌ಪಿಯ ಒಂದು ವಿಚಿತ್ರ. ಕಂಟ್ರೋಲ್ ಪ್ಯಾನೆಲ್‌ನ ಭಾಷೆಗಳ ಪುಟದಲ್ಲಿ ಒಂದು ಸಣ್ಣ ಚೌಕಕ್ಕೆ ಗುರುತು ಹಾಕಬೇಕು. ಹಾಕಿದರೆ ಅರಬ್ಬಿ, ಅರ್ಮೇನಿಯನ್, ಜಾರ್ಜಿಯನ್, ಹೀಬ್ರೂ, ಭಾರತದ ಭಾಷೆಗಳು, ಥಾಯ್, ವಿಯೆಟ್ನಾಮಿ, ಎಲ್ಲಕ್ಕೂ ಸೇರಿ ಹತ್ತು ಎಂಬಿ ಜಾಗ ಬೇಕು ಎನ್ನುತ್ತದೆ. ಕನ್ನಡ, ಉರ್ದು ಎರಡೂ ಒಂದೇ ಚೀಟಿಯ ಮೇಲೆ ಒಳಗೆ ಬರುತ್ತವೆ. ನಮ್ಮ ನಿಕಾಹ್‌ನಂಥ ದಿನ ಬೀಗರ ಎರಡು ಬಣಗಳು ಒಂದೇ ಟಾಂಗಾದಿಂದ ಇಳಿದಂತೆ. ಮತ್ತೆ ಸಿಡಿ ಕೇಳಿತು. ಪೆನ್‌ಡ್ರೈವಿನ ಐ386 ಫೋಲ್ಡರ್ ತೋರಿಸಿ ಸುಮ್ಮನಾಗಿಸಿದೆವು. ಯಂತ್ರ ಮರಳಿ ಎದ್ದಾಗ ಅಲಿಫ್ ಬೇಗಳು ಕೈ ಹಿಡಿದು ನಿಂತಿದ್ದವು, ಚೌಕಗಳಲ್ಲಿ ಕನ್ನಡ ತುಂಬಿತ್ತು. ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಎಕ್ಸ್‌ಪಿಯ ಬೆಂಬಲ ನಿಲ್ಲಿಸಿದೆ, ಹಾಗಾಗಿ ಅದಕ್ಕೆ ಇಂಟರ್‌ನೆಟ್ ಮಾತ್ರ ತೋರಿಸಲಿಲ್ಲ.

ಉರ್ದು ತಂತ್ರಾಂಶ ಹಾಕಿ ‘ಬಾವಿಕಟ್ಟೆ’ ತೆರೆದೆವು. ಅಬ್ಬಾ ಯಾರ ಕೈಯಿಂದಲೋ ಉರ್ದುವಿಗೆ ಮಾಡಿಸಿಕೊಂಡಿರಬೇಕು ಎಂದುಕೊಂಡಿದ್ದೆವು. ಮೊದಲ ಸಾಲು ಓದಿದರೆ ಅರ್ಥವಾಗಲಿಲ್ಲ. ಗಟ್ಟಿಯಾಗಿ ಓದಿದೆವು. ಅದು ಕನ್ನಡ! ಅಕ್ಷರ ಉರ್ದುವಿನವು, ಮಾತು ನಮ್ಮವೇ.

ಬೀದರಿನಲ್ಲಿರುವ ಆಪಾಗೆ ಫೋನು ಮಾಡಿದೆವು. “ಹ್ಞೂಂ, ರಂಜಾನ್ ರಜೆಗೆ ಬಂದಾಗ ನಾನೇ ಓದಿ ಹೇಳುತ್ತಿದ್ದೆ. ಅವರು ಒಂದೊಂದೇ ಕೀಲಿ ಒತ್ತಿ ಬರೆದುಕೊಂಡರು. ನಿನಗೆ ಹೇಳಬೇಡ ಎಂದಿದ್ದರು” ಎಂದಳು.

ಉರ್ದುವಿನಲ್ಲಿ ‘ಳ’ ಇಲ್ಲ, ‘ಣ’ ಇಲ್ಲ. ಮೊದಲೆರಡು ಪುಟಗಳಲ್ಲಿ ನಮ್ಮ ಹಳ್ಳಿಯೆಲ್ಲ ಹಲ್ಲಿಯಾಗಿದೆ. ಹಲ್ಲಿಯ ಜನ ಹಲ್ಲಿಯ ಬಾವಿಯಿಂದ ನೀರು ಸೇದುತ್ತಾರೆ. ಮೂರನೆಯ ಪುಟದಲ್ಲಿ ಅಬ್ಬಾಗೆ ಉಪಾಯ ಹೊಳೆದಿದೆ: ಲಾಮ್ ಪಕ್ಕ ಒಂದು ನಕ್ಷತ್ರ ಇಟ್ಟರೆ ಅದು ‘ಳ’, ನೂನ್ ಪಕ್ಕ ಇಟ್ಟರೆ ‘ಣ’. ಅಲ್ಲಿಂದ ಮುಂದೆ ಒಂದು ನಕ್ಷತ್ರವೂ ತಪ್ಪಿಲ್ಲ.

ಕೊನೆಯಲ್ಲಿ ಗೆರೆ ಎಳೆದು ಅಪ್ಪಟ ಉರ್ದುವಿನಲ್ಲಿ ಒಂದು ಟಿಪ್ಪಣಿ ಇದೆ. ಮಕ್ಕಳ ಪಟ್ಟಿ ತಿದ್ದಿದ ಮಾಸ್ತರರ ಕೈ. ಕತೆಯಲ್ಲಿ ನಾವು ಬಾವಿಯನ್ನು ಶಾಲೆಯ ಹಿಂದೆ ಇಟ್ಟಿದ್ದೆವು. ಅದು ಮುಂದಿತ್ತಂತೆ.