ನಮ್ಮತ್ತೆಯ ಮ್ಯಾಕ್‌ಬುಕ್ಕಿಗೆ ಹಾಕಿದ ತೇಪೆ

ಮೊದಲೇ ಹೇಳಿಬಿಡ್ತೀನಿ, ಇದು ನಾನು ಜಾಣ ಅಂತ ತೋರಿಸ್ಕೊಳ್ಳೋ ಬರಹ ಅಲ್ಲ. ಒಂದು ವರ್ಷದ ಹಿಂದೆ ಬರೆದಿದ್ದರೆ ಹಾಗೇ ಇರ್ತಿತ್ತು. ಆಗ ಕಾರಿಡಾರಲ್ಲಿ ಸಿಕ್ಕಿದವರಿಗೆಲ್ಲ “2012ರ ಮ್ಯಾಕ್‌ಬುಕ್ಕಲ್ಲಿ ಸೊನೋಮಾ ಓಡಿಸಿದೀನಿ ಗುರೂ” ಅಂತ ಫೋಟೋ ತೋರಿಸ್ಕೊಂಡು ತಿರುಗ್ತಿದ್ದೆ.

ಆ ಮ್ಯಾಕ್‌ಬುಕ್ ನಂದಲ್ಲ, ತಿಪಟೂರಿನಲ್ಲಿರುವ ನಮ್ಮತ್ತೆಯದು. ಅತ್ತೆ ಅಂದರೆ ಅಪ್ಪನ ಅಕ್ಕ, ನಿವೃತ್ತ ಪ್ರೈಮರಿ ಶಾಲೆ ಟೀಚರ್. ಅವರ ಮಗ, ನಮ್ಮ ಭಾವ, ಕೆಲಸಕ್ಕೆ ಸೇರಿದ ಹೊಸದರಲ್ಲಿ ತಗೊಂಡಿದ್ದ ಹದಿಮೂರು ಇಂಚಿನ ಮ್ಯಾಕ್‌ಬುಕ್ ಪ್ರೊ. ಪಕ್ಕದಲ್ಲಿ ಡಿವಿಡಿ ಹಾಕೋ ಸೀಳು ಇನ್ನೂ ಇರುವ ಮಾಡೆಲ್ಲು. ಭಾವ ಜರ್ಮನಿಗೆ ಹೋಗುವಾಗ ಬಿಟ್ಟುಹೋದರು. ಅತ್ತೆ ಅದಕ್ಕೆ ಕ್ರೋಶಾದಲ್ಲಿ ಒಂದು ಮುಸುಕು ಹೆಣೆದು ಹೊದಿಸಿ ಇಟ್ಟಿದ್ದಾರೆ. ಅದರಲ್ಲಿ ಭಾನುವಾರ ಮೊಮ್ಮಗಳ ಜೊತೆ ವಿಡಿಯೋ ಕಾಲ್, ಪೆನ್ಶನ್ ಬಂತಾ ಅಂತ ನೋಡೋದು, ಎಲ್ಲಕ್ಕಿಂತ ಮುಖ್ಯವಾಗಿ ಅವರ ಬೀದಿಯ ಸ್ತ್ರೀಶಕ್ತಿ ಸಂಘದ ಲೆಕ್ಕ. ಹದಿನೆಂಟು ಹೆಂಗಸರು, ವಾರದ ಉಳಿತಾಯ, ಒಳಸಾಲ, ಬಡ್ಡಿ. ಲೆಕ್ಕದ ಶೀಟಿನ ಜೊತೆಗೆ ಹದಿನೆಂಟು ಜನರ ಆಧಾರ್, ಪಾಸ್‌ಬುಕ್ ಸ್ಕ್ಯಾನ್‌ಗಳೂ ಅದರಲ್ಲೇ ಇದ್ದವು. ಈ ಕೊನೇ ಸಾಲು ನೆನಪಿಟ್ಕೊಳ್ಳಿ.

2024ರ ದಸರಾ ರಜೆಗೆ ಹೋದಾಗ ಅತ್ತೆ ದೂರು ಶುರುಮಾಡಿದರು. “ಬ್ರೌಸರು ಇನ್ಮೇಲೆ ಅಪ್‌ಡೇಟ್ ಆಗಲ್ಲ ಅಂತ ದಿನಾ ಹೇಳ್ತದೆ ಕಣೋ. ಬ್ಯಾಂಕಿನ ಪೇಜು ಅರ್ಧ ತೆಗೆದು ನಿಂತ್ಕೊಳ್ತದೆ.” ನೋಡಿದರೆ ಕ್ಯಾಟಲಿನಾ ಇತ್ತು. ಈ ಯಂತ್ರಕ್ಕೆ ಆ್ಯಪಲ್ ಅಧಿಕೃತವಾಗಿ ಕೊಟ್ಟ ಕೊನೇ ಆವೃತ್ತಿ ಅದು, 2019ರದು. ಯಂತ್ರ ಕೆಟ್ಟಿಲ್ಲ, ಕೀಬೋರ್ಡ್ ಗಟ್ಟಿಮುಟ್ಟಾಗಿದೆ, ಪರದೆ ಚೆನ್ನಾಗಿದೆ. “ಹೊಸದು ತಗೊಳ್ಳೋಣ ಅತ್ತೆ” ಅಂದೆ. “ಇದಕ್ಕೇನಾಗಿದೆ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜವಾಗಿಯೂ ಅದಕ್ಕೇನೂ ಆಗಿರಲಿಲ್ಲ.

ಅಲ್ಲಿಗೆ ಓಪನ್‌ಕೋರ್ ಲೆಗಸಿ ಪ್ಯಾಚರ್ ಬಂತು. ಇದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನನಗೆ ಕಂಪ್ಯೂಟರ್ ಆರ್ಗನೈಸೇಶನ್ ಪೇಪರ್ ನಿಜವಾಗಿ ಅರ್ಥವಾದದ್ದು ಪರೀಕ್ಷೆಯಲ್ಲಲ್ಲ, ಇಲ್ಲಿ.

ಹಳೇ ಮ್ಯಾಕ್ ಹೊಸ ಮ್ಯಾಕ್‌ಓಎಸ್ ಓಡಿಸಲ್ಲ ಅಂದರೆ ಅದರ ಹಿಂದೆ ಬೇರೆ ಬೇರೆ ಕಾರಣ ಇರುತ್ತವೆ. ಮೊದಲನೆಯದು ಬರೀ ಬಾಗಿಲಲ್ಲಿ ತಡೆಯೋದು. ಪ್ರತಿ ಮದರ್‌ಬೋರ್ಡಿಗೂ ಒಂದು ಗುರುತು ಇರುತ್ತೆ. ಎಕ್ಸಾಮ್ ಹಾಲಿನ ಬಾಗಿಲಲ್ಲಿ ಹಾಲ್ ಟಿಕೆಟ್ ನೋಡೋ ಥರ ಓಎಸ್ ಆ ಗುರುತು ನೋಡಿ, ಪಟ್ಟಿಯಲ್ಲಿ ಇಲ್ಲದಿದ್ದರೆ ಹೊರಗೆ ಕಳಿಸುತ್ತೆ. ಓಪನ್‌ಕೋರ್ ಒಂದು ಬೂಟ್‌ಲೋಡರ್. ಓಎಸ್ ಏಳುವ ಮೊದಲೇ ಎದ್ದು, ಈ ತಪಾಸಣೆಯನ್ನು ಮೆಮೊರಿಯಲ್ಲೇ ದಾಟಿಸಿಬಿಡುತ್ತೆ. ಅಪ್‌ಡೇಟ್ ಕೇಳುವಾಗಲಂತೂ “ಇದು ವರ್ಚುವಲ್ ಮಷಿನ್” ಅಂತ ಸುಳ್ಳು ಹೇಳುತ್ತೆ. ವರ್ಚುವಲ್ ಮಷಿನ್‌ಗೆ ಪ್ರವೇಶ ಇದೆಯಲ್ಲ!

ಎರಡನೆಯದು ಡ್ರೈವರ್. ಇದರ ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್‌ನ ಡ್ರೈವರ್‌ಗಳನ್ನು 2021ರ ಮಾಂಟೆರೆಯಲ್ಲೇ ಕಿತ್ತುಹಾಕಿದ್ದಾರೆ. ಹಳೇ ವೈಫೈ ಕಾರ್ಡಿನದು 2023ರ ಸೊನೋಮಾದಲ್ಲಿ ಹೋಯ್ತು. ಪ್ಯಾಚರ್ ಹಳೇ ಆವೃತ್ತಿಗಳಿಂದ ಆ ತುಂಡುಗಳನ್ನು ತಂದು ಹೊಸ ಸಿಸ್ಟಮ್ ಒಳಗೆ ಹೊಲಿಯುತ್ತೆ. ಇದಕ್ಕೆ ರೂಟ್ ಪ್ಯಾಚ್ ಅಂತಾರೆ.

ಮೂರನೆಯದು ನನಗೆ ಅತಿ ಇಷ್ಟವಾದದ್ದು. ಇದರ ಪ್ರಾಸೆಸರ್ ಐವಿ ಬ್ರಿಡ್ಜ್ ಪೀಳಿಗೆಯದು. ಎವಿಎಕ್ಸ್2 ಅನ್ನೋ ಇನ್‌ಸ್ಟ್ರಕ್ಷನ್‌ಗಳು ಬಂದದ್ದು ಅದರ ಮುಂದಿನ ಹ್ಯಾಸ್ವೆಲ್‌ನಲ್ಲಿ. 2022ರ ವೆಂಚುರಾದಿಂದ ಇಂಟೆಲ್ ಮ್ಯಾಕ್‌ಗಳಿಗೆ ಬರುವ ಸಿಸ್ಟಮ್ ಲೈಬ್ರರಿಗಳು ಎವಿಎಕ್ಸ್2 ಇದೆ ಅಂತಲೇ ನಂಬಿಕೊಂಡಿವೆ. ಅಂದರೆ ಚಿಪ್ಪಿಗೆ ಗೊತ್ತೇ ಇಲ್ಲದ ಭಾಷೆಯಲ್ಲಿ ಆಜ್ಞೆ. ಇದಕ್ಕೆ ಯಾವ ತೇಪೆ ಹಾಕ್ತೀರಿ? ಆದರೆ ಆ್ಯಪಲ್‌ನ ಹೊಸ ಎಂ ಚಿಪ್ ಮ್ಯಾಕ್‌ಗಳಲ್ಲಿ ಹಳೇ ಇಂಟೆಲ್ ಆ್ಯಪ್‌ಗಳನ್ನು ಓಡಿಸುವ ರೊಸೆಟ್ಟಾ ಇದೆಯಲ್ಲ, ಅದಕ್ಕೂ ಆಗ ಎವಿಎಕ್ಸ್2 ಬರ್ತಿರಲಿಲ್ಲ. ಹಾಗಾಗಿ ಅದಕ್ಕೋಸ್ಕರ ಎವಿಎಕ್ಸ್2 ಬೇಡದ ಇನ್ನೊಂದು ಪ್ರತಿಯನ್ನು ಆ್ಯಪಲ್ಲೇ ತಯಾರಿಸಿ ಇಟ್ಟಿತ್ತು. ಪ್ಯಾಚರ್ ಬರೆದವರು ಇನ್‌ಸ್ಟಾಲ್ ಆಗುವಾಗ ಆ ಪ್ರತಿ ಬಂದು ಕೂರುವ ಹಾಗೆ ಮಾಡಿದರು. ಅತಿ ಹೊಸ ಮ್ಯಾಕ್‌ಗೆ ಹೊಲಿದ ಅಂಗಿ ಹದಿಮೂರು ವರ್ಷದ ಮುದುಕನಿಗೆ ಸರಿಯಾಗಿ ಕೂತಿತು. ಇದನ್ನು ಮೊದಲು ಕಂಡುಹಿಡಿದವರು ಆ ರಾತ್ರಿ ನಿದ್ದೆ ಮಾಡಿರಲಿಕ್ಕಿಲ್ಲ.

ಕೆಲಸದ ಭಾಗ ಬೇಗ ಹೇಳಿ ಮುಗಿಸ್ತೀನಿ. ಎಸ್‌.ಪಿ. ರೋಡಿನಿಂದ ಎಸ್‌ಎಸ್‌ಡಿ, ಎರಡು 4 ಜಿಬಿ ರ‍್ಯಾಮ್ ತಂದೆ. ತಳದ ಹತ್ತು ಸ್ಕ್ರೂ ಬಿಚ್ಚಿದೆ. ಅದರಲ್ಲಿ ಮೂರು ಉದ್ದದವು, ಅದಲುಬದಲಾಗದ ಹಾಗೆ ಅತ್ತೆ ರಂಗೋಲಿ ಡಬ್ಬಿಯ ಮುಚ್ಚಳದಲ್ಲಿ ಎತ್ತಿಟ್ಟರು. 32 ಜಿಬಿ ಪೆನ್‌ಡ್ರೈವ್‌ನಲ್ಲಿ ಇನ್‌ಸ್ಟಾಲರ್, ಅದರ ಮೇಲೆ ಓಪನ್‌ಕೋರ್, ಆಪ್ಷನ್ ಕೀ ಒತ್ತಿ ಹಿಡಿದು ಇಎಫ್‌ಐ ಬೂಟ್ ಆರಿಸೋದು, ಆಮೇಲೆ ಕಾಯೋದು. ರಾತ್ರಿ ಹನ್ನೊಂದಕ್ಕೆ ಸೊನೋಮಾ ಬಂತು. ರೂಟ್ ಪ್ಯಾಚ್ ಹಾಕಿದ ಮೇಲೆ ವೈಫೈ ಬಂತು, ಕೆಳಗಿನ ಐಕಾನ್ ಸಾಲಿಗೆ ಗಾಜಿನ ಹೊಳಪು ಬಂತು. ಅತ್ತೆ “ಅದೇ ಥರ ಇದೆಯಲ್ಲೋ, ಏನ್ ಮಾಡ್ದೆ?” ಅಂದರು. ನನಗೆ ಸ್ವಲ್ಪ ಬೇಜಾರಾಯ್ತು.

ಮಾರನೇ ದಿನ ಬಸ್ಸು ಅರಸೀಕೆರೆ ತಲುಪುತ್ತಿದ್ದ ಹಾಗೆ ಫೋನು. “ಸೊನ್ನೆಗೆ ಅಡ್ಡಗೆರೆ ಎಳೆದಿರೋ ಚಿತ್ರ ಬಂದಿದೆ ಕಣೋ. ಇದು ಏನ್ ಲೆಕ್ಕ?” ಜೇಬು ಮುಟ್ಟಿಕೊಂಡೆ. ಪೆನ್‌ಡ್ರೈವ್ ನನ್ನ ಹತ್ತಿರ ಇತ್ತು. ಓಪನ್‌ಕೋರನ್ನ ಒಳಗಿನ ಡಿಸ್ಕಿಗೆ ಹಾಕೋದೇ ಮರೆತು, ಯಂತ್ರ ಎಬ್ಬಿಸುವ ಬೀಗದಕೈ ಜೇಬಲ್ಲಿಟ್ಕೊಂಡು ಹೊರಟಿದ್ದೆ. ಇಳಿದು ವಾಪಸ್ ಬಸ್ ಹತ್ತಿದೆ. ಮೊದಲ ಸಲ ಮಾಡುವವರಲ್ಲಿ ಅನೇಕರು ಎಡವುವ ಜಾಗ ಇದು ಅಂತ ಆಮೇಲೆ ಗೊತ್ತಾಯ್ತು. ನೀವು ಎಡವಬೇಡಿ.

ನಿಜವಾದ ತಪ್ಪು ಅದಲ್ಲ.

ಬಿಗ್ ಸರ್‌ನಿಂದ ಈಚೆಗೆ ಮ್ಯಾಕ್‌ಓಎಸ್ ತನ್ನ ಸಿಸ್ಟಮ್ ಭಾಗಕ್ಕೆ ಒಂದು ಮುದ್ರೆ ಒತ್ತಿರುತ್ತೆ. ಪ್ರತಿ ಫೈಲಿನ ಹ್ಯಾಶ್, ಆ ಹ್ಯಾಶ್‌ಗಳ ಹ್ಯಾಶ್, ಹೀಗೆ ಮರದ ಹಾಗೆ ಮೇಲೇರಿ ತುದಿಯಲ್ಲಿ ಒಂದು ಸೀಲು. ಒಂದೇ ಒಂದು ಬೈಟ್ ಬದಲಾದರೂ ಸೀಲು ಒಡೆದದ್ದು ಗೊತ್ತಾಗುತ್ತೆ. ರೂಟ್ ಪ್ಯಾಚ್ ಹಾಕಬೇಕಂದರೆ ಆ ಸೀಲು ಒಡೀಬೇಕು. ಅಡ್ಮಿನ್ ಪಾಸ್‌ವರ್ಡ್ ಇದ್ದರೂ ಸಿಸ್ಟಮ್ ಫೈಲು ಮುಟ್ಟಗೊಡದ ಕಾವಲು ಒಂದಿದೆ, ಅದನ್ನೂ ಅರ್ಧ ಸಡಿಲ ಮಾಡ್ಬೇಕು. ಇದರ ಇನ್ನೊಂದು ಪರಿಣಾಮ ಅಂದರೆ, ಪ್ರತಿ ಅಪ್‌ಡೇಟೂ ಹೊಸ ಸೀಲಿನ ಹೊಸ ಸಿಸ್ಟಮ್ ತಂದಿಡುತ್ತೆ. ಹೊಲಿದ ತೇಪೆಗಳೆಲ್ಲ ಬಿಚ್ಚಿಹೋಗ್ತವೆ. ಪ್ರತಿಸಲ ಮತ್ತೆ ಹೊಲೀಬೇಕು.

ಇಷ್ಟೂ ನನಗೆ ಗೊತ್ತಿತ್ತು. ಅತ್ತೆಗೆ ಒಂದಕ್ಷರ ಹೇಳಿರಲಿಲ್ಲ. ಹೇಳಿದರೆ ಬೇಡ ಅಂದುಬಿಟ್ಟಾರು ಅನ್ನೋ ಭಯ ಒಂದು ಕಡೆ. ಅದಕ್ಕಿಂತ, ಮಾಡಿ ತೋರಿಸಬೇಕು ಅನ್ನೋ ಹುಕಿ.

2025ರ ಮೇ ತಿಂಗಳಲ್ಲಿ ನನ್ನ ಇಂಟರ್ನಲ್ಸ್ ಮುಗಿದ ದಿನ ಫೋನ್ ಮಾಡಿದರು. ಹತ್ತು ದಿನದ ಹಿಂದೆ ಅಪ್‌ಡೇಟ್ ಅಂತ ಬಂತಂತೆ. ಒತ್ತಿದರಂತೆ. ಒಳ್ಳೇ ಬಳಕೆದಾರರು ಮಾಡಬೇಕಾದ್ದು ಅದೇ ತಾನೇ? ಆಮೇಲೆ ವೈಫೈ ಇಲ್ಲ. “ಕಿಟಕಿ ಎಳೆದ್ರೆ ಎಳ್ಕೊಂಡ್ ಎಳ್ಕೊಂಡ್ ಬರ್ತದೆ, ಬೆಳಕು ಕಮ್ಮಿ ಮಾಡೋಕೂ ಆಗಲ್ಲ.” ತೇಪೆ ಬಿಚ್ಚಿದ ಲಕ್ಷಣ. ಆದರೆ ಪ್ಯಾಚರ್ ಇದನ್ನ ತಾನೇ ಪತ್ತೆ ಮಾಡಿ “ರೂಟ್ ಪ್ಯಾಚ್ ಇಲ್ಲ, ಹಾಕಲಾ?” ಅಂತ ಕೇಳುತ್ತೆ, ಕೇಳಿರಲೇಬೇಕಲ್ಲ?

“ಕೇಳ್ತು. ಏನೋ ಪ್ಯಾಚು, ಪಾಸ್‌ವರ್ಡ್ ಕೊಡು ಅಂತು. ಗೊತ್ತಿಲ್ಲದ್ದು ಯಾವುದಕ್ಕೂ ಪಾಸ್‌ವರ್ಡ್ ಕೊಡಬೇಡಿ ಅಂತ ನೀನೇ ಅಲ್ವೇನೋ ಹೇಳಿದ್ದು? ಕ್ಯಾನ್ಸಲ್ ಒತ್ತಿದೆ. ಮೂರು ಸಲ ಬಂತು, ಮೂರು ಸಲಾನೂ ಒತ್ತಿದೆ.”

ಏನಂತ ಹೇಳಲಿ? ಸೈಬರ್ ಸೆಕ್ಯುರಿಟಿ ಎಲೆಕ್ಟಿವ್‌ನಲ್ಲಿ ಕಲಿತದ್ದನ್ನ ಮನೆಮಂದಿಗೆಲ್ಲ ಪಾಠ ಮಾಡಿದವನು ನಾನೇ. ಅವರು ಪಾಠ ಕಲಿತಿದ್ದರು.

“ಪರೀಕ್ಷೆ ಇತ್ತಲ್ಲ, ನಿನಗ್ಯಾಕೆ ತೊಂದರೆ ಅಂತ ಸುಮ್ನಿದ್ದೆ. ಸಂಘದ ಸಾಲದ ಅರ್ಜಿಗೆ ಕೊನೇ ದಿನ ಇತ್ತು. ಎಲ್ಲಾನೂ ಪೆನ್‌ಡ್ರೈವಿಗೆ ಹಾಕ್ಕೊಂಡು ಹೋಗಿ ಸೈಬರ್‌ನಲ್ಲಿ ಕಳಿಸಿದೆ.”

ಎಲ್ಲಾನೂ ಅಂದರೆ ಹದಿನೆಂಟು ಆಧಾರ್, ಹದಿನೆಂಟು ಪಾಸ್‌ಬುಕ್. ಅಲ್ಲಿನ ಹುಡುಗ ತನ್ನ ಡೆಸ್ಕ್‌ಟಾಪ್‌ಗೆ ಕಾಪಿ ಮಾಡ್ಕೊಂಡು ಅಪ್‌ಲೋಡ್ ಮಾಡಿದ್ದ. ಕೆಟ್ಟವನೇನಲ್ಲ, ಅದೇ ಅವನ ಕೆಲಸದ ರೀತಿ. ಆ ರಾತ್ರಿ ನಾನು ಕೂತು ಯೋಚಿಸಿದ್ದು ಆ ಫೋಲ್ಡರ್ ಬಗ್ಗೆ ಮಾತ್ರ.

ಶನಿವಾರ ತಿಪಟೂರಿಗೆ ಹೋದೆ. ಮೊದಲು ಸೈಬರ್‌ಗೆ ಹೋಗಿ ಆ ಹುಡುಗನನ್ನ ಕೇಳಿ ಫೋಲ್ಡರ್ ಅಳಿಸಿ, ರಿಸೈಕಲ್ ಬಿನ್ ಖಾಲಿ ಮಾಡಿ ಬಂದೆವು. ಮನೆಗೆ ಬಂದು ರೂಟರಿನಿಂದ ಲ್ಯಾನ್ ಕೇಬಲ್ ಎಳೆದು ಚುಚ್ಚಿದೆ. ಆ ಕಾಲದ ಮ್ಯಾಕ್‌ನಲ್ಲಿ ಲ್ಯಾನ್ ಪೋರ್ಟ್ ಇತ್ತು, ಪುಣ್ಯ. ಪ್ಯಾಚರ್ ತೆರೆದು ರೂಟ್ ಪ್ಯಾಚ್ ಹಾಕಿ ರೀಸ್ಟಾರ್ಟ್ ಮಾಡಿದೆ. ಹತ್ತು ನಿಮಿಷದ ಕೆಲಸ.

ಆಮೇಲೆ ಎಲ್ಲಾ ಹೇಳಿದೆ. ಸೀಲು ಒಡೆದದ್ದು, ಕಾವಲು ಸಡಿಲ ಮಾಡಿದ್ದು. ಅತ್ತೆ ಕೇಳಿದ್ದು ಒಂದೇ. “ಮೊದಲು ಇದ್ದದ್ದು ಭದ್ರವೋ, ಈಗಿನದು ಭದ್ರವೋ?” ನಾನು ತುಂಬಾ ಯೋಚಿಸಿ ಕೊಟ್ಟ ಉತ್ತರ ಇದು: ಅಪ್‌ಡೇಟೇ ಬರದ ಕ್ಯಾಟಲಿನಾಗಿಂತ, ಅಪ್‌ಡೇಟ್ ಬರುವ ಬ್ರೌಸರ್ ಇರುವ ಈ ಸೊನೋಮಾ ವಾಸಿ. ಆದರೆ ಹೊಸ ಯಂತ್ರದಷ್ಟು ಭದ್ರ ಅಲ್ಲವೇ ಅಲ್ಲ. ಬೇರೆಯವರ ದಾಖಲೆ ಇದರಲ್ಲಿ ಇಡಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವರು ನೀವು, ನಾನಲ್ಲ. ದಸರಾದಲ್ಲೇ ಕೇಳಬೇಕಿತ್ತು.

ಅವರು ಎರಡು ನಿಮಿಷ ಸುಮ್ಮನಿದ್ದು, ಸ್ಕ್ಯಾನ್‌ಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿಸಿ ಬೀರುವಿನಲ್ಲಿಟ್ಟರು. ಯಂತ್ರದಲ್ಲಿ ಬರೀ ಲೆಕ್ಕದ ಶೀಟು. ಅದರ ಪ್ರಿಂಟು ತಿಂಗಳಿಗೊಮ್ಮೆ ಸಂಘದ ಫೈಲಿಗೆ.

ನನ್ನ ರೂಮ್‌ಮೇಟ್ “ಲಿನಕ್ಸ್ ಹಾಕಿದ್ರೆ ಈ ಗೋಳೇ ಇರ್ತಿರಲಿಲ್ಲ” ಅಂತಾನೆ. ಅವನು ಹೇಳೋದು ಸರಿ ಇರಬಹುದು. ಆದರೆ ಅರವತ್ತೆರಡರಲ್ಲಿ ಎಲ್ಲಾ ಬಟನ್ ಹೊಸದಾಗಿ ಹುಡುಕಿ ಅಂತ ಅವರಿಗೆ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅವನ ಸ್ವಂತ ಲ್ಯಾಪ್‌ಟಾಪ್ ಕಥೆಯೂ ಇದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತು, ಅವನ ಪ್ರಾಸೆಸರ್ ಹನ್ನೊಂದರ ಪಟ್ಟಿಯಲ್ಲಿಲ್ಲ. ರೂಫಸ್‌ನಲ್ಲಿ ಟಿಪಿಎಂ ತಪಾಸಣೆ ತೆಗೆಯುವ ಟಿಕ್ ಹಾಕಿ ಪೆನ್‌ಡ್ರೈವ್ ಮಾಡ್ಕೊಂಡು ಹನ್ನೊಂದು ಹಾಕಿದಾನೆ. ಓಡ್ತಾ ಇದೆ. ಮುಂದಿನ ದೊಡ್ಡ ಅಪ್‌ಡೇಟ್ ತಾನಾಗಿ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಅವನೇ ನೋಡ್ಕೋಬೇಕು. ಅವನದು ಅವನೇ ನೋಡ್ಕೋತಾನೆ, ಸರಿ. ಅತ್ತೆಯದನ್ನ?

ದೀಪಾವಳಿಗೆ ಹೋದಾಗ ಇದನ್ನೇ ಅವರೂ ಕೇಳಿದರು. “ಮುಂದಿನ ವರ್ಷ ನೀನು ಕೆಲಸಕ್ಕೆ ಹೋಗ್ತೀಯ. ಆಗ ಯಾರನ್ನ ಕರೀಲಿ?” ಇನ್ನೊಂದು ವಿಷಯವನ್ನೂ ಆಗಲೇ ಹೇಳಿದೆ. 2025ರ ಜೂನ್‌ನಲ್ಲಿ ಆ್ಯಪಲ್ಲೇ ಘೋಷಿಸಿದೆ, ಆ ವರ್ಷದ ಟಾಹೋ ಇಂಟೆಲ್ ಮ್ಯಾಕ್‌ಗಳಿಗೆ ಕೊನೇ ಆವೃತ್ತಿ. ಅದರ ಮುಂದಿನದರಲ್ಲಿ ಇಂಟೆಲ್‌ಗೆ ಜಾಗವೇ ಇಲ್ಲ. ಆ ಆವೃತ್ತಿಗೆ ಹೊಲಿಯೋಣ ಅಂದರೆ ಬಟ್ಟೆಯೇ ಇರಲ್ಲ. ಎಷ್ಟು ವರ್ಷ ಎಳೆದರೂ ಈ ದಾರಿಗೆ ಕೊನೆ ಇದೆ ಅತ್ತೆ ಅಂದೆ. “ಎಲ್ಲದಕ್ಕೂ ಇದೆ. ಅಲ್ಲಿಗಂಟ ಹೇಗೆ ಅಂತ ಹೇಳು” ಅಂದರು.

ಕೂತು ಹೇಳಿಕೊಟ್ಟೆ. ತಾನೇ ಅಪ್‌ಡೇಟ್ ಆಗೋದನ್ನ ನಿಲ್ಲಿಸಿದೆ. ಅಪ್‌ಡೇಟ್ ಬಂದ ತಕ್ಷಣ ಒತ್ತಬಾರದು, ಮೊದಲು ಲೆಕ್ಕದ ಶೀಟಿನ ಕಾಪಿ, ಮೊದಲು ಕೇಬಲ್. ಹಳೇ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಅವರು ದುಂಡಗೆ ಬರ್ಕೊಂಡರು. ಯಾವ ಕಿಟಕಿ ಬಂದರೆ ಪಾಸ್‌ವರ್ಡ್ ಕೊಡಬಹುದು ಅನ್ನೋದಕ್ಕೆ ಆ ಐಕಾನಿನ ಚಿತ್ರವನ್ನೂ ಪೆನ್ಸಿಲ್‌ನಲ್ಲಿ ಬರೆದರು.

ಮೊನ್ನೆ ಲ್ಯಾಬ್‌ನಲ್ಲಿದ್ದಾಗ ಫೋನ್ ಬಂತು. ಎದೆ ಧಸಕ್ ಅಂತು.

“ಅಪ್‌ಡೇಟ್ ಬಂದಿತ್ತು. ವೈರ್ ಚುಚ್ಚಿ, ಪ್ಯಾಚ್ ಹಾಕ್ದೆ. ವೈಫೈ ಬಂತು. ಆದ್ರೆ ಆರನೇ ಸಾಲು ಆದ್ಮೇಲೆ ರೀಸ್ಟಾರ್ಟ್ ಮಾಡ್ಬೇಕು ಅಂತ ನೀನು ಬರೆಸಿಯೇ ಇಲ್ಲ ಕಣೋ. ನಾನೇ ಸೇರಿಸ್ಕೊಂಡಿದೀನಿ.”